ಮೊಲೊಕಾಯ್ ದ್ವೀಪದ ದಾಮಿಯನ್

ಸೇವೆಯ ಮಾತನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನಗೆ ಫಾದರ್ ದಾಮಿಯನ್ನರ ನೆನಪಾಗುತ್ತದೆ. ಅವರು ನಯವಿನಯದ ಮಾತುಗಾರರಲ್ಲ, ಹಟಮಾರಿಗಳು, ಮುಂಗೋಪಿಗಳು. ಇಂಥವರಲ್ಲಿ ದೀನಸೇವೆಯ ಭಾವ ಹೇಗೆ ನೆಲೆಸಿತೆಂಬುದೇ ಆ ಬಾಳಿನ ಸ್ವಾರಸ್ಯ.

ಜೋಸೆಫ್ ಡಿ ವ್ಯೂಸ್ಟರ್ ಎಂಬುದು ಅವರ ಹುಟ್ಟುಹೆಸರು. ೧೮೪೦ರ ಜನವರಿ ೩ರಂದು ಬೆಲ್ಜಿಯಮ್ ದೇಶದ ಟ್ರೆಮೆಲೊ ಗ್ರಾಮದ ಒಕ್ಕಲು ಮನೆಯೊಂದರಲ್ಲಿ ಜನಿಸಿದರು. ಮಗ ಧಾನ್ಯದ ವ್ಯಾಪಾರವನ್ನು ಮುಂದುವರಿಸಲೆಂದು ತಂದೆಯ ಆಸೆ. ಮಗನಾದರೋ ಅಣ್ಣನ ಹಿಂದೆಯೇ ಸಂನ್ಯಾಸಿ ಸಂಘವನ್ನು ಸೇರಿದರು. ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಕಾಯಿಲೆಬಿದ್ದಾಗ, ಇನ್ನೂ ಗುರುದೀಕ್ಷೆಯನ್ನು ಪಡೆದಿರದ ತಮ್ಮ ಆ ಸ್ಥಾನವನ್ನು ಬೇಡಿ ಪಡೆದು ಹಡಗು ಹತ್ತಿದರು. ೧೮೬೪ರ ಮಾರ್ಚ್ ತಿಂಗಳಲ್ಲಿ ಹೊನೊಲುಲು ತಲುಪಿದರು; ಮೇ ತಿಂಗಳಲ್ಲಿ ಅಲ್ಲಿಯೇ ದೀಕ್ಷೆಯಾಯಿತು.

ಆ ಕಾಲದಲ್ಲಿ ಹವಾಯಿಯಲ್ಲಿ ಕುಷ್ಠರೋಗ ಹರಡುತ್ತಿತ್ತು. ೧೮೬೫ರ ಕಾಯಿದೆಯ ಪ್ರಕಾರ ರೋಗಿಗಳನ್ನು ಮನೆಮಂದಿಯಿಂದ ಅಗಲಿಸಿ ಮೊಲೊಕಾಯ್ ದ್ವೀಪದ ಬಡಗಣ ತೀರಕ್ಕೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಅಲ್ಲಿಗೆ ಹೋಗೆಂದು ಯಾವ ಪಾದ್ರಿಗೂ ಆಜ್ಞೆ ಮಾಡಲು ಬಿಷಪ್ಪರಿಗೆ ಮನಸ್ಸು ಬರಲಿಲ್ಲ. ಸರದಿಯಂತೆ ಹೋಗಿಬರಲು ನಾಲ್ವರು ಮುಂದೆ ಬಂದರು. ಮೊದಲ ಸರದಿ ದಾಮಿಯನ್ನರದು. ೧೮೭೩ರ ಮೇ ೧೦ರಂದು ಅಲ್ಲಿ ಕಾಲಿಟ್ಟ ಅವರು ಸರದಿಯ ಮಾತನ್ನೇ ಮರೆತು ಅಲ್ಲಿಯೇ ನಿಂತುಬಿಟ್ಟರು.

ಮೊದಲ ರಾತ್ರಿಗಳನ್ನು ಕೇದಗೆಯ ಜಾತಿಯ ಮರವೊಂದರ ಕೆಳಗೆ ಕಳೆದರು. ಆಮೇಲೆ ಅವರ ಕೈಗಳಿಗೆ ಬಿಡುವೆಂಬುದೇ ಇರಲಿಲ್ಲ. ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ಎತ್ತಿದರು, ನೀರಿನ ಕೊಳವೆ ಹಾಕಿಸಿದರು, ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಸತ್ತವರಿಗೆ ತಾವೇ ಪೆಟ್ಟಿಗೆ ಮಾಡಿ, ತಾವೇ ಗುಂಡಿ ತೋಡಿದರು. ಕೆಸುವಿನ ಗಡ್ಡೆಯನ್ನು ಬೇಯಿಸಿ ಕುಟ್ಟಿದ ಹಿಟ್ಟನ್ನು ರೋಗಿಗಳು ಕೈಯಿಟ್ಟ ಬೋಗುಣಿಯಿಂದಲೇ ತಿಂದರು. ಆ ಜನಕ್ಕಾಗಿ ಮರಮುಟ್ಟು ಬಟ್ಟೆಬರೆ ಕೇಳುವಾಗ ಅಧಿಕಾರಿಗಳೊಡನೆ ಜಗಳವಾಡಲೂ ಹಿಂಜರಿಯಲಿಲ್ಲ.

ಒಮ್ಮೆ ಅವರ ಸಂಘದ ಹಿರಿಯರು ಹಡಗಿನಲ್ಲಿ ಬಂದರು. ಅವರಿಗೆ ಇಳಿಯಲು ಅನುಮತಿಯಿಲ್ಲ. ಇವರಿಗೆ ಹತ್ತಲು ಅನುಮತಿಯಿಲ್ಲ. ದಾಮಿಯನ್ನರು ಕೆಳಗೆ ದೋಣಿಯಲ್ಲಿ ನಿಂತು, ತಮ್ಮ ಪಾಪನಿವೇದನೆಯನ್ನು ಫ್ರೆಂಚ್ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿ ಹೇಳಿದರು. ಹಟಮಾರಿಯ ವಿನಯ ಹೀಗಿರುತ್ತದೆ.

ಭಾಷೆಯ ಅಧ್ಯಾಪಕನಾದ ನನ್ನನ್ನು ಹೆಚ್ಚಾಗಿ ಸೆಳೆದುದು ಅವರ ಒಂದು ಸರ್ವನಾಮ. ಬಂದ ವರ್ಷವೇ ಉಪದೇಶಗಳಲ್ಲಿ ಅವರು ರೋಗಿಗಳನ್ನು ‘ನೀವು’ ಎನ್ನದೆ, ತಮ್ಮನ್ನೂ ಸೇರಿಸಿ ‘ನಾವು’ ಎಂದರು. ಕೇಳುವವರನ್ನು ಒಳಗೊಂಡ ‘ನಾವು’ ಬೇರೆ, ಹೊರಗಿಟ್ಟ ‘ನಾವು’ ಬೇರೆ ಎಂಬ ಭೇದ ತಮಿಳು ತೆಲುಗುಗಳಲ್ಲಿರುವಂತೆ ಹವಾಯಿ ಭಾಷೆಯಲ್ಲಿಯೂ ಉಂಟು. ನಮ್ಮ ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಭೇದವೆಲ್ಲ ಆಡುವವನ ಮನಸ್ಸಿನಲ್ಲಿ. ೧೮೮೪ರ ಡಿಸೆಂಬರಿನಲ್ಲಿ ಒಂದು ದಿನ ದಾಮಿಯನ್ನರ ಕಾಲಿನ ಮೇಲೆ ಕುದಿಯುವ ನೀರು ಬಿದ್ದಿತು, ನೋವೇ ಆಗಲಿಲ್ಲ. ಹನ್ನೊಂದು ವರ್ಷ ಪ್ರೀತಿಯಿಂದ ಆಡಿದ ಮಾತು ದೇಹದಲ್ಲಿಯೂ ನಿಜವಾಗಿತ್ತು. ಆದರೂ ಸುತ್ತಿಗೆಯನ್ನು ಕೆಳಗಿಡಲಿಲ್ಲ. ೧೮೮೯ರ ಏಪ್ರಿಲ್ ೧೫ರಂದು, ೪೯ನೆಯ ವಯಸ್ಸಿನಲ್ಲಿ, ತಮ್ಮ ಜನರ ನಡುವೆಯೇ ಕಣ್ಣುಮುಚ್ಚಿದರು.

ಅವರು ಒರಟರೆಂದೂ ಕೊಳಕರೆಂದೂ ಹೊನೊಲುಲುವಿನ ಬೇರೊಂದು ಕ್ರೈಸ್ತ ಪಂಥದ ಉಪದೇಶಕರೊಬ್ಬರು ಜರೆದರು. ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ೧೮೯೦ರಲ್ಲಿ ಬಹಿರಂಗ ಪತ್ರ ಬರೆದು ಉತ್ತರಿಸಿದರು. ದಾಮಿಯನ್ನರ ದೋಷಗಳನ್ನು ಮರೆಮಾಚದೆಯೇ ಅವರ ದೊಡ್ಡತನವನ್ನು ಎತ್ತಿಹಿಡಿದರು. ಹವಾಯಿಯಲ್ಲಿ ರೋಗಿಗಳನ್ನು ಬೇರೆಯಿರಿಸುವ ಕಟ್ಟಳೆ ೧೯೬೯ರಲ್ಲಿ ಕೊನೆಗೊಂಡಿತು. ರೋಗ ಈಗ ಔಷಧಿಯಿಂದ ಗುಣವಾಗುತ್ತದೆ. ೨೦೦೯ರಲ್ಲಿ ರೋಮಿನ ಧರ್ಮಸಭೆ ದಾಮಿಯನ್ನರನ್ನು ಸಂತರೆಂದು ಸಾರಿತು.

ಕ್ರಿಸ್ತನು ಶಿಷ್ಯರ ಕಾಲು ತೊಳೆದುದನ್ನು ಓದುವುದು ಸುಲಭ. ದಾಮಿಯನ್ನರು ಅದನ್ನು ಹದಿನಾರು ವರ್ಷ ನಡೆಸಿದರು. ತರಗತಿಯಲ್ಲಿ ನಿಂತು ‘ನಾವು’ ಎನ್ನುವಾಗ, ಅದು ಯಾರನ್ನು ಒಳಗೊಂಡಿದೆ, ಯಾರನ್ನು ಹೊರಗಿಟ್ಟಿದೆ ಎಂದು ನಾನು ಈಗ ಒಂದು ಗಳಿಗೆ ಯೋಚಿಸುತ್ತೇನೆ.