ಈರೋಡ್ ಮಂಡಿಯ ಕನ್ನಡ ಮನೆ

ಭದ್ರಾವತಿಯಲ್ಲಿರುವ ನನ್ನ ಕ್ಲಾಸ್‌ಮೇಟ್ ಮನೆಯ ಹಾಲ್‌ನಲ್ಲಿ ಉದ್ದ ಬಿಳಿ ಗಡ್ಡದ ಹಿರಿಯರೊಬ್ಬರ ಫೋಟೊ ಇದೆ. ಮೊದಲ ಸಲ ಹೋದಾಗ ಯಾರೋ ಸ್ವಾಮೀಜಿ ಇರಬೇಕೆಂದು ಕೈಮುಗಿದುಬಿಟ್ಟೆ. ಗೆಳೆಯನ ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತ ಕಬ್ಬಿಣ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು; ಅವರ ಅಪ್ಪನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಕುಟುಂಬ. ದೇವರಿಲ್ಲ ಎಂದು ಜೀವನಪೂರ್ತಿ ಹೇಳಿಕೊಂಡು ತಿರುಗಿದವರಿಗೇ ಕೈಮುಗಿಯುತ್ತೀಯಲ್ಲೋ ಎಂದರು. ಅದು ಪೆರಿಯಾರ್ ಈ.ವಿ. ರಾಮಸ್ವಾಮಿ ಅವರ ಫೋಟೊ. ಆಮೇಲೆ ಕಾಫಿ ಕುಡಿಯುತ್ತಾ ತಾತ ಇನ್ನೊಂದು ವಿಷಯ ಹೇಳಿದರು. ಪೆರಿಯಾರ್ ಅವರ ಮನೆಮಾತು ಕನ್ನಡವಂತೆ!

ನಾನು ನಂಬಲಿಲ್ಲ. ವಿದ್ಯಾನಗರದ ನಮ್ಮ ಮನೆಗೆ ಬಂದವನೇ ಲ್ಯಾಬ್ ರೆಕಾರ್ಡ್ ಪಕ್ಕಕ್ಕಿಟ್ಟು ಹುಡುಕಲು ಕುಳಿತೆ. ತಾತ ಹೇಳಿದ್ದು ನಿಜವೇ ಆಗಿತ್ತು. ಈರೋಡಿನ ಕನ್ನಡ ಮಾತಾಡುವ ಬಲಿಜ ನಾಯ್ಕರ್ ಮನೆತನ ಅವರದು. ಕಾವೇರಿ ಗಲಾಟೆ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಕಿತ್ತಾಡುವ ನನ್ನ ಗೆಳೆಯರಿಗೆ ಇದನ್ನು ಹೇಳಿದರೆ ಒಬ್ಬನೂ ಒಪ್ಪಲಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಭಾಷೆಯ ವಿಷಯವಲ್ಲ, ಆ ಮನೆಯ ಕಥೆ.

ಅಪ್ಪ ವೆಂಕಟಪ್ಪ ನಾಯ್ಕರ್ ಹುಟ್ಟು ಶ್ರೀಮಂತರಲ್ಲ. ಚಿಕ್ಕಂದಿನಲ್ಲೇ ಕೂಲಿಗೆ ಹೋದವರು, ಕಲ್ಲು ಕೆಲಸದವರ ಜೊತೆ ದುಡಿದವರು. ಕೂಡಿಟ್ಟ ದುಡ್ಡಿನಲ್ಲಿ ಎತ್ತಿನ ಗಾಡಿ, ಗಾಡಿಯ ದುಡಿಮೆಯಿಂದ ಸಣ್ಣ ದಿನಸಿ ಅಂಗಡಿ, ಅದರಿಂದ ಸಗಟು ಮಂಡಿ. ಹೀಗೆ ಮೇಲೆ ಬಂದರು. ಹೆಂಡತಿ ಚಿನ್ನತಾಯಮ್ಮಾಳ್. ಇಬ್ಬರೂ ದೊಡ್ಡ ದೈವಭಕ್ತರು. ಮನೆಗೆ ಪಂಡಿತರು, ಸಾಧುಗಳು ಬಂದರೆ ಊಟ, ಉಪಚಾರ ಎಲ್ಲ ಆಗುತ್ತಿತ್ತು. 1879ರ ಸೆಪ್ಟೆಂಬರ್ 17ರಂದು ಹುಟ್ಟಿದ ರಾಮಸ್ವಾಮಿಗೆ ಕೃಷ್ಣಸ್ವಾಮಿ ಎಂಬ ಅಣ್ಣ, ಪೊನ್ನುತ್ತಾಯಿ ಮತ್ತು ಕಣ್ಣಮ್ಮ ಎಂಬ ಇಬ್ಬರು ಸೋದರಿಯರು. ಹುಡುಗ ಸ್ಕೂಲಿನಲ್ಲಿ ಉಳಿಯಲಿಲ್ಲ. ಹತ್ತು ವರ್ಷಕ್ಕೆ ಓದು ನಿಂತಿತು, ಹನ್ನೆರಡಕ್ಕೆ ಮಂಡಿಗೆ ಬಂದ. ಬಂದ ಪಂಡಿತರಿಗೆ ಅಡ್ಡ ಪ್ರಶ್ನೆ ಹಾಕಿ ಕಾಡುವುದು ಅಲ್ಲಿಂದಲೇ ಶುರು. ನಮ್ಮ ಕಾಲೇಜಿನಲ್ಲಿ ಹೀಗೆ ಮಾಡಿದರೆ ಇಂಟರ್ನಲ್ಸ್ ಮಾರ್ಕ್ಸ್ ಹೋಗುತ್ತದೆ.

1898ರಲ್ಲಿ ಮದುವೆಯಾಯಿತು. ಹುಡುಗಿ ನಾಗಮ್ಮೈಗೆ ಆಗ 13. ಹುಟ್ಟಿದ ಒಂದೇ ಹೆಣ್ಣುಮಗು ಐದು ತಿಂಗಳಿಗೆ ತೀರಿಕೊಂಡಿತು, ಮತ್ತೆ ಮಕ್ಕಳಾಗಲಿಲ್ಲ. 1904ರಲ್ಲಿ ಅಪ್ಪನ ಜೊತೆ ಮುನಿಸಿಕೊಂಡು ಕಾಶಿಗೆ ಹೋದರು. ಅಲ್ಲಿ ಛತ್ರದಲ್ಲಿ ಬ್ರಾಹ್ಮಣನಲ್ಲವೆಂದು ಊಟಕ್ಕೆ ಬಿಡದೆ ಹೊರಗೆ ತಳ್ಳಿದರು. ಛತ್ರ ಕಟ್ಟಿಸಿದವರು ದಕ್ಷಿಣದ ಬ್ರಾಹ್ಮಣೇತರ ವ್ಯಾಪಾರಿ ಎಂಬುದನ್ನು ಗೋಡೆಯ ಬರಹದಲ್ಲಿ ಓದಿ ಇನ್ನಷ್ಟು ಉರಿಯಿತು. ಊರಿಗೆ ಮರಳಿದ ಮೇಲೆ ಅಪ್ಪ ಮಂಡಿಯನ್ನು ಮಗನ ಹೆಸರಿಗೇ ಮಾಡಿಕೊಟ್ಟರು. ವ್ಯಾಪಾರ ಚೆನ್ನಾಗಿ ಬೆಳೆಯಿತು.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಸೀದಾ ವೈಕಂ ಸತ್ಯಾಗ್ರಹಕ್ಕೆ ಹೋಗಿಬಿಡುತ್ತಾರೆ. ಆದರೆ ಕಾಂಗ್ರೆಸ್ ಸೇರುವುದಕ್ಕೂ ಹತ್ತು ವರ್ಷ ಮೊದಲು ಮನೆಯೊಳಗೇ ಒಂದು ಘಟನೆ ನಡೆಯಿತು. ಸೋದರಿಯ ಮಗಳಿಗೆ ಒಂಬತ್ತನೇ ವಯಸ್ಸಿನ ಸುಮಾರಿಗೆ ಮದುವೆ ಮಾಡಿದ್ದರು. ಎರಡು ತಿಂಗಳಲ್ಲಿ ಗಂಡ ತೀರಿಕೊಂಡ. ಗೊಂಬೆಯಾಟದ ವಯಸ್ಸಿನ ಮಗು ವಿಧವೆ. ಇವಳಿಗೆ ಮತ್ತೆ ಮದುವೆ ಮಾಡಲೇಬೇಕೆಂದು ಮಾವ ಹಟ ಹಿಡಿದರು. ನೆಂಟರು, ಕುಲದವರು ತಿರುಗಿಬಿದ್ದರು. 1909ರಲ್ಲಿ, ಊರಲ್ಲಿ ಮಾಡಿದರೆ ತಡೆಯುತ್ತಾರೆಂದು ದೂರದ ಚಿದಂಬರಂನಲ್ಲಿ ಮದುವೆ ಮಾಡಿಸಿದರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಗಳು ಇದ್ದಾಳೆ. ಮದುವೆಯಾದ ಎರಡನೇ ವರ್ಷಕ್ಕೆ ಭಾವ ಬೈಕ್ ಆಕ್ಸಿಡೆಂಟಿನಲ್ಲಿ ಹೋದರು. ಅಕ್ಕನಿಗೆ ಈಗ 27. ಕಳೆದ ವರ್ಷ ಒಂದು ಸಂಬಂಧ ಬಂದಿತ್ತು. ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂದು ದೊಡ್ಡಪ್ಪ ಅಲ್ಲಿಗೇ ಮುರಿದರು. ನಾನೂ ಅಲ್ಲೇ ಕುಳಿತಿದ್ದೆ, ಮೊಬೈಲ್ ನೋಡುತ್ತಾ. 1909ಕ್ಕೂ ಈಗಿಗೂ ಎಷ್ಟು ವರ್ಷ ಎಂದು ಲೆಕ್ಕ ಹಾಕಲು ಎಂಜಿನಿಯರಿಂಗ್ ಬೇಕಿಲ್ಲ.

1911ರಲ್ಲಿ ಅಪ್ಪ ತೀರಿಕೊಂಡರು. ರಾಮಸ್ವಾಮಿ ಈರೋಡ್ ಪುರಸಭೆಯ ಅಧ್ಯಕ್ಷರಾದರು, ಊರಿಗೆ ಕಾವೇರಿಯ ಕುಡಿಯುವ ನೀರು ತಂದರು. (ಇದನ್ನೂ ನಮ್ಮ ಗ್ರೂಪ್‌ಗೆ ಹಾಕಿದೆ. ಉತ್ತರವಿಲ್ಲ.) 1919ರಲ್ಲಿ ಕಾಂಗ್ರೆಸ್ ಸೇರಿದಾಗ ಆ ಕುರ್ಚಿಯನ್ನೂ ಊರಿನ ಉಳಿದ ಹುದ್ದೆಗಳನ್ನೂ ಬಿಟ್ಟುಕೊಟ್ಟರು, ನಿಧಾನವಾಗಿ ವ್ಯಾಪಾರವನ್ನೂ. ಖಾದಿಯ ಗಂಟು ಹೆಗಲಿಗೇರಿಸಿ ಊರೂರು ತಿರುಗಿ ಮಾರಿದರು. ಹೆಂಡದ ವಿರುದ್ಧ ಚಳವಳಿ ಬಂದಾಗ ತಮ್ಮದೇ ತೋಟದ 500 ತೆಂಗಿನ ಮರಗಳನ್ನು ಕಡಿಸಿಹಾಕಿದರು. ಅಡಿಕೆ, ತೆಂಗಿನ ಸೀಮೆಯ ನಮಗೆ ಒಂದು ಮರ ಕಡಿದರೂ ಎಷ್ಟು ಸಂಕಟವಾಗುತ್ತದೆ ಎಂದು ಗೊತ್ತು. ನನಗೆ ಇವತ್ತಿಗೂ ಇದು ಅತಿಯಾಯಿತು ಅನಿಸುತ್ತದೆ. ಹೆಂಡ ಇಳಿಸಲು ಬಿಡದಿದ್ದರೆ ಸಾಕಿತ್ತು, ಕಾಯಿ ಏನು ತಪ್ಪು ಮಾಡಿತ್ತು?

ಬ್ರಿಟಿಷ್ ಕೋರ್ಟುಗಳನ್ನು ಬಹಿಷ್ಕರಿಸಬೇಕೆಂದು ಕಾಂಗ್ರೆಸ್ ಹೇಳಿತ್ತು. ಮಂಡಿಗೆ ಬರಬೇಕಿದ್ದ ಸುಮಾರು 50 ಸಾವಿರ ರೂಪಾಯಿ ಸಾಲವನ್ನು ವಸೂಲಿ ಮಾಡಲು ಕೋರ್ಟಿಗೇ ಹೋಗಬೇಕಿತ್ತು. ಪತ್ರವನ್ನು ತಮ್ಮ ಹೆಸರಿಗೆ ಮಾಡಿಕೊಡಿ, ದಾವೆ ಹಾಕಿ ನಾವೇ ತಂದುಕೊಡುತ್ತೇವೆ ಎಂದು ಸೇಲಂನ ಹಿರಿಯ ವಕೀಲರೊಬ್ಬರು ಮುಂದೆ ಬಂದರು. ತಾವು ಹೋಗುವುದೂ ಇನ್ನೊಬ್ಬರನ್ನು ಕಳಿಸುವುದೂ ಒಂದೇ ಎಂದು ರಾಮಸ್ವಾಮಿ ಒಪ್ಪಲಿಲ್ಲ. ಆ ಕಾಲದ 50 ಸಾವಿರ! ಮನೆಯ ಹೆಂಗಸರು ಏನೆಂದರೋ ಎಂದು ಯೋಚಿಸುತ್ತಿದ್ದೆ. ಮುಂದೆ ಓದಿದರೆ ಅವರು ಮನೆಯಲ್ಲಿ ಕುಳಿತೇ ಇರಲಿಲ್ಲ. 1921ರಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿ ಅವರು ಜೈಲಿಗೆ ಹೋದಾಗ, ಬೀದಿಗಿಳಿದು ಅದನ್ನು ಮುಂದುವರಿಸಿದ್ದು ನಾಗಮ್ಮೈ ಮತ್ತು ಕಣ್ಣಮ್ಮ. 1924ರಲ್ಲಿ ವೈಕಂನಲ್ಲಿ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಎಲ್ಲರೂ ನಡೆಯಬೇಕೆಂಬ ಸತ್ಯಾಗ್ರಹಕ್ಕಾಗಿ ಅವರು ಎರಡು ಸಲ ಜೈಲು ಸೇರಿದರು. ಅಲ್ಲಿಗೂ ನಾಗಮ್ಮೈ ಹೋದರು.

ಕಾಂಗ್ರೆಸ್ ಜೊತೆ ಬಹಳ ದಿನ ಬಾಳಲಿಲ್ಲ. ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಬೇಕೆಂಬ ಅವರ ಠರಾವಿಗೆ 1925ರ ಕಾಂಚೀಪುರಂ ಸಮ್ಮೇಳನದಲ್ಲಿ ಜಾಗ ಸಿಗದಾಗ ಹೊರಬಂದರು. ಸ್ವಾಭಿಮಾನ ಚಳವಳಿ, ಪುರೋಹಿತರಿಲ್ಲದ ಮದುವೆಗಳು, ಹಿಂದಿ ವಿರೋಧಿ ಹೋರಾಟ, ದ್ರಾವಿಡ ನಾಡಿನ ಬೇಡಿಕೆ, ಇವೆಲ್ಲ ಆಮೇಲಿನವು, ಹೆಚ್ಚಿನವರಿಗೆ ಗೊತ್ತಿರುವವು.

1933ರ ಮೇ 11ರಂದು ನಾಗಮ್ಮೈ ತೀರಿಕೊಂಡರು. 1949ರಲ್ಲಿ, 69ರ ವಯಸ್ಸಿನಲ್ಲಿ, ತಮಗಿಂತ ಸುಮಾರು 40 ವರ್ಷ ಚಿಕ್ಕವರಾದ ಮಣಿಯಮ್ಮೈ ಅವರನ್ನು ಮದುವೆಯಾದರು. ಆಸ್ತಿ, ಸಂಘಟನೆ ನೋಡಿಕೊಳ್ಳಲು ನಂಬಿಕೆಯ ವಾರಸುದಾರರು ಬೇಕಿತ್ತು ಎಂಬುದು ಅವರ ಕಾರಣ. ಎಳೆಯ ಹುಡುಗಿಯರನ್ನು ಮುದುಕರಿಗೆ ಕೊಡುವುದನ್ನು ಖಂಡಿಸಿದ್ದವರು ಹೀಗೆ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ, ಅವರ ಜೊತೆಗಾರರಿಗೂ ಸರಿ ಕಾಣಲಿಲ್ಲ. ಅಣ್ಣಾದುರೈ ಹೊರನಡೆದು ಡಿಎಂಕೆ ಕಟ್ಟಿದರು. ಜೊತೆಗೆ ಹೋದವರಲ್ಲಿ ಅಣ್ಣ ಕೃಷ್ಣಸ್ವಾಮಿಯ ಮಗ ಸಂಪತ್ ಕೂಡ ಇದ್ದರು. ಅಡ್ಡ ಪ್ರಶ್ನೆ ಹಾಕುವುದನ್ನು ಅದೇ ಮನೆಯಲ್ಲಿ ಕಲಿತವರಲ್ಲವೇ. 1973ರ ಡಿಸೆಂಬರ್ 24ರಂದು ವೆಲ್ಲೂರಿನ ಆಸ್ಪತ್ರೆಯಲ್ಲಿ ಪೆರಿಯಾರ್ ತೀರಿಕೊಂಡರು. ಕೊನೆಯ ವಾರದವರೆಗೂ ಭಾಷಣ ನಿಲ್ಲಿಸಿರಲಿಲ್ಲ.

ಅಕ್ಕನ ವಿಷಯವನ್ನು ಅವಳನ್ನು ಕೇಳಿಯೇ ಬರೆದಿದ್ದೇನೆ. ವಯಸ್ಸು ಹಾಕಬೇಡ ಎಂದು ಮೊದಲು ಹೇಳಿದಳು, ಆಮೇಲೆ ಹಾಕಿದರೆ ಹಾಕು ಎಂದಳು. ಹೋದ ತಿಂಗಳು ಅದೇ ಕಡೆಯವರು ಮತ್ತೆ ಕೇಳಿ ಕಳಿಸಿದ್ದಾರೆ. ಭಾನುವಾರ ದೊಡ್ಡಪ್ಪ ಬರುತ್ತಾರೆ. ಈ ಸಲ ಮಾತು ನಾನೇ ತೆಗೆಯುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.