ಕಡಲಿನ ಕಿರ್ದಿ: ಡೊನಾಲ್ಡ್ ಕ್ರೋಹರ್ಸ್ಟ್

ಡೊನಾಲ್ಡ್ ಕ್ರೋಹರ್ಸ್ಟ್ ಹುಟ್ಟಿದ್ದು ಭಾರತದಲ್ಲಿ. 1932ರಲ್ಲಿ, ದಿಲ್ಲಿಯ ಮಗ್ಗುಲಿನ ಗಾಜಿಯಾಬಾದಿನಲ್ಲಿ. ತಂದೆ ರೈಲ್ವೆಯಲ್ಲಿ ಉದ್ಯೋಗಿ, ತಾಯಿ ಶಾಲಾ ಶಿಕ್ಷಕಿ. ಸ್ವಾತಂತ್ರ್ಯದ ಕಾಲಕ್ಕೆ ಕುಟುಂಬವು ಇಂಗ್ಲೆಂಡಿಗೆ ಮರಳಿತು. ತಂದೆಯ ಉಳಿತಾಯವೆಲ್ಲ ಇಲ್ಲಿಯ ಒಂದು ಕ್ರೀಡಾಸಾಮಗ್ರಿ ಕಾರ್ಖಾನೆಯಲ್ಲಿ ತೊಡಗಿತ್ತು. ವಿಭಜನೆಯ ಗಲಭೆಯಲ್ಲಿ ಅದು ಸುಟ್ಟು ಬೂದಿಯಾಯಿತು. 1948ರಲ್ಲಿ ತಂದೆಯೂ ತೀರಿಕೊಂಡರು. ಹುಡುಗನ ಓದು ನಡುವೆಯೇ ನಿಂತಿತು.

ವಾಯುಪಡೆ, ಆಮೇಲೆ ಭೂಸೇನೆ, ಎರಡರಲ್ಲಿಯೂ ಅವನು ಹೆಚ್ಚು ಕಾಲ ನಿಲ್ಲಲಿಲ್ಲ. ಬುದ್ಧಿ ಚುರುಕು, ಮಾತು ಮೋಹಕ, ತಾಳ್ಮೆ ಕಡಿಮೆ. ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾದ ಮೇಲೆ ಬ್ರಿಜ್‌ವಾಟರ್ ಊರಿನಲ್ಲಿ ನೆಲೆಸಿ, ರೇಡಿಯೊ ಅಲೆಗಳಿಂದ ದಿಕ್ಕನ್ನು ತಿಳಿಸುವ ಒಂದು ನಾವಿಕ ಉಪಕರಣವನ್ನು ತಯಾರಿಸಿ ಮಾರತೊಡಗಿದನು. ವ್ಯಾಪಾರ ಕುದುರಲಿಲ್ಲ.

1968ರ ಮಾರ್ಚಿಯಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯು ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಸಾರಿತು. ಒಬ್ಬನೇ ಹಾಯಿದೋಣಿಯಲ್ಲಿ ಹೊರಟು, ಯಾವ ಬಂದರಿಗೂ ತಾಗದೆ, ಯಾರ ನೆರವನ್ನೂ ಪಡೆಯದೆ ಭೂಮಿಯನ್ನು ಸುತ್ತಿಬರಬೇಕು. ಮೊದಲು ಮರಳಿದವನಿಗೆ ಚಿನ್ನದ ಗೋಳ. ಅತಿ ಕಡಿಮೆ ದಿನಗಳಲ್ಲಿ ಸುತ್ತಿದವನಿಗೆ 5,000 ಪೌಂಡು. ಇಂಥ ಯಾನವನ್ನು ಅಲ್ಲಿಯವರೆಗೆ ಯಾರೂ ಮುಗಿಸಿರಲಿಲ್ಲ. ರಜೆಯ ದಿನಗಳಲ್ಲಷ್ಟೇ ದೋಣಿ ನಡೆಸಿ ಬಲ್ಲ ಕ್ರೋಹರ್ಸ್ಟನೂ ಹೆಸರು ಕೊಟ್ಟನು. ಹಣ ಹೂಡಿದ ವರ್ತಕನು ಒಂದು ಕರಾರು ಹಾಕಿದ್ದನು: ಯಾನ ಕೈಗೂಡದಿದ್ದರೆ ದೋಣಿಯನ್ನು ಕ್ರೋಹರ್ಸ್ಟನೇ ಕೊಳ್ಳಬೇಕು. ಅಂದರೆ ಅರ್ಧದಾರಿಯಿಂದ ಮರಳಿದರೆ ಮನೆಮಾರು ಕಳೆದುಕೊಳ್ಳುವುದು ನಿಶ್ಚಿತ. ತಂದೆಗೆ ಬೆಂಕಿ ಮಾಡಿದ್ದನ್ನು ಮಗನಿಗೆ ಕರಾರುಪತ್ರ ಮಾಡಲಿತ್ತು.

‘ಟೀನ್‌ಮತ್ ಎಲೆಕ್ಟ್ರಾನ್’ ಎಂಬ ಆ ಮೂರು ಒಡಲಿನ ದೋಣಿಯನ್ನು ಅವಸರದಲ್ಲಿ ಕಟ್ಟಲಾಯಿತು. ಹೊರಡಲು ಕಡೆಯ ಗಡುವಾದ ಅಕ್ಟೋಬರ್ 31ರಂದೇ ಅವನು ಹೊರಟನು. ಎರಡು ವಾರಗಳಲ್ಲಿ ದೋಣಿ ಅಲ್ಲಲ್ಲಿ ಸೋರತೊಡಗಿತು. ಒಳಗಿನ ನೀರನ್ನು ಹೊರಚೆಲ್ಲುವ ಪಂಪಿಗೆ ಬೇಕಾದ ಕೊಳವೆ ದಡದಲ್ಲಿಯೇ ಉಳಿದಿತ್ತು. ದಕ್ಷಿಣ ಸಾಗರದ ಬಿರುಗಾಳಿಗೆ ಹೋದರೆ ಸಾವು, ಮರಳಿದರೆ ದಿವಾಳಿ. ಈ ಇಕ್ಕಟ್ಟನ್ನು ಅವನು ಸ್ವತಃ ಬರೆದು ತೂಗಿನೋಡಿದ್ದನು. ಡಿಸೆಂಬರ್ ಬಂದಾಗ ಮೂರನೆಯದೊಂದು ದಾರಿ ಅವನಿಗೆ ಹೊಳೆಯಿತು.

ವರ್ತಕನಿಗೆ ಖಾತೆಕಿರ್ದಿ ಹೇಗೋ ನಾವಿಕನಿಗೆ ಲಾಗ್‌ಬುಕ್ ಹಾಗೆ. ಸೂರ್ಯನ ಎತ್ತರವನ್ನು ಸೆಕ್ಸ್‌ಟಂಟಿನಿಂದ ಅಳೆದು, ನಿಖರ ಗಡಿಯಾರವನ್ನೂ ನಾವಿಕ ಪಂಚಾಂಗವನ್ನೂ ನೋಡಿ, ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕಿ ಅದರಲ್ಲಿ ಬರೆಯಬೇಕು. ಆಗ ದೋಣಿಯನ್ನು ಆಕಾಶದಿಂದ ಗುರುತಿಸುವ ಉಪಗ್ರಹಗಳ ಕಣ್ಣಿರಲಿಲ್ಲ. ನಾವಿಕ ಬರೆದದ್ದೇ ಪ್ರಮಾಣ. ಕ್ರೋಹರ್ಸ್ಟ್ ಒಂದೆಡೆ ನಿಜದ ಲೆಕ್ಕವನ್ನು ಮುಂದುವರಿಸುತ್ತ, ಇನ್ನೊಂದೆಡೆ ಸುಳ್ಳು ಲೆಕ್ಕವನ್ನು ಹೆಣೆಯತೊಡಗಿದನು. ಈ ಸುಳ್ಳು ಸುಲಭದ್ದಲ್ಲ. ತಾನು ಇಲ್ಲದ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಸೂರ್ಯನು ಎಷ್ಟು ಎತ್ತರದಲ್ಲಿ ಕಂಡಾನು ಎಂದು ಹಿಂದುಮುಂದಾಗಿ ಗಣಿಸಬೇಕು. ಅಲ್ಲಿಯ ಗಾಳಿ, ಮೋಡಗಳೂ ಹೊಂದಬೇಕು. ನಿಜ ಬರೆಯುವುದಕ್ಕಿಂತ ಇದು ಬಲು ಕಷ್ಟದ ಗಣಿತ. ಅದಕ್ಕೆ ಬೇಕಾದ ಪ್ರತಿಭೆ ಅವನಲ್ಲಿತ್ತೆಂಬುದೇ ದುರ್ದೈವ.

ಒಂದೇ ದಿನದಲ್ಲಿ 243 ಕಡಲ ಮೈಲಿ ಸಾಗಿದೆನೆಂದು ಅವನು ತಂತಿ ಕಳಿಸಿದಾಗ ಪತ್ರಿಕೆಗಳು ಕುಣಿದವು. ಜನವರಿಯಲ್ಲಿ ರೇಡಿಯೊ ಮೌನವಾಯಿತು. ಲೋಕವು ಅವನು ಹಿಂದೂ ಮಹಾಸಾಗರದಲ್ಲಿ ಸಾಗುತ್ತಿದ್ದಾನೆಂದು ನಂಬಿತು. ಅವನು ಅಟ್ಲಾಂಟಿಕ್ ಬಿಟ್ಟು ಹೋಗಿರಲೇ ಇಲ್ಲ. 1969ರ ಮಾರ್ಚಿಯಲ್ಲಿ, ನಿಯಮಕ್ಕೆ ವಿರುದ್ಧವಾಗಿ, ಅರ್ಜೆಂಟೀನದ ಒಂದು ಸಣ್ಣ ದಡದಲ್ಲಿ ಇಳಿದು ದೋಣಿಯನ್ನು ರಿಪೇರಿ ಮಾಡಿಕೊಂಡನು.

ಎಣಿಕೆ ಸರಳವಾಗಿತ್ತು: ಉಳಿದವರು ಸುತ್ತಿ ಬಂದಾಗ ಅವರ ಹಿಂದೆ ಸೇರಿಕೊಳ್ಳುವುದು. ಸೋತವನ ಪುಸ್ತಕವನ್ನು ಯಾರು ತೆರೆದು ನೋಡುತ್ತಾರೆ? ಆದರೆ ಹೊರಟ ಒಂಬತ್ತು ಮಂದಿಯಲ್ಲಿ ಒಬ್ಬೊಬ್ಬರಾಗಿ ಕಳಚಿಕೊಂಡರು. ಫ್ರಾನ್ಸಿನ ಮ್ವಾತೆಸಿಯೆ ಸ್ಪರ್ಧೆಯನ್ನೇ ತೊರೆದು ತಾಹಿತಿಯತ್ತ ತಿರುಗಿದನು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಏಪ್ರಿಲ್ 22ರಂದು ಮೊದಲಿಗನಾಗಿ ದಡ ಸೇರಿದನು; ಆದರೆ ಅವನಿಗೆ ಹತ್ತು ತಿಂಗಳು ಹಿಡಿದಿತ್ತು. ವೇಗದ ಬಹುಮಾನಕ್ಕೆ ಉಳಿದವನು ನೈಜೆಲ್ ಟೆಟ್ಲಿ. ಕ್ರೋಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆಂಬ ಸುದ್ದಿಯನ್ನು ನಂಬಿ, ಮೊದಲೇ ಜೀರ್ಣವಾಗಿದ್ದ ದೋಣಿಯನ್ನು ಅವನು ಜೋರಾಗಿ ಓಡಿಸಿದನು. ಮೇ 21ರಂದು, ಗುರಿಗೆ ಸುಮಾರು 1,100 ಕಡಲ ಮೈಲಿ ಇರುವಾಗ ದೋಣಿ ಒಡೆದು ಮುಳುಗಿತು. ಟೆಟ್ಲಿ ಬದುಕಿಕೊಂಡನು. ಸುಳ್ಳಿನ ಪೆಟ್ಟು ಬಿದ್ದದ್ದು ಪ್ರಾಮಾಣಿಕನ ಮೇಲೆ.

ಈಗ ಗೆಲುವು ತಪ್ಪಿಸಿಕೊಳ್ಳಲಾಗದಂತೆ ಎದುರು ನಿಂತಿತು. ಗೆದ್ದವನ ಪುಸ್ತಕವನ್ನು ಬಲ್ಲವರು ಅಕ್ಷರ ಅಕ್ಷರವಾಗಿ ಪರೀಕ್ಷಿಸುತ್ತಾರೆ. ಟೀನ್‌ಮತ್ ಊರು ಸ್ವಾಗತಕ್ಕೆ ಸಿದ್ಧವಾಗುತ್ತಿತ್ತು. ಕ್ರೋಹರ್ಸ್ಟ್ ದೋಣಿಯನ್ನು ಗಾಳಿಗೆ ಬಿಟ್ಟು ಬರೆಯಲು ಕುಳಿತನು. ಜೊತೆಗಿದ್ದದ್ದು ಐನ್‌ಸ್ಟೈನರ ಸಾಪೇಕ್ಷತಾವಾದದ ಒಂದು ಪುಸ್ತಕ. ಜೂನ್ 24ರಿಂದ ಒಂದು ವಾರದಲ್ಲಿ ದೇವರು, ಕಾಲ, ಮನಸ್ಸು, ಗಣಿತ ಎಲ್ಲವನ್ನೂ ಬೆರೆಸಿ ಸುಮಾರು 25,000 ಪದಗಳನ್ನು ಬರೆದನು. ಮತಿ ಕದಡಿದವನ ಬರಹವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ತಪ್ಪೊಪ್ಪಿಗೆಯ ದನಿಯೂ ಅದರಲ್ಲಿದೆ. ಜುಲೈ 1ರಂದು ಬರಹ ನಿಂತಿತು.

ಜುಲೈ 10ರಂದು ‘ಪಿಕಾರ್ಡಿ’ ಎಂಬ ಹಡಗು ಬರಿದಾದ ದೋಣಿಯನ್ನು ಕಂಡಿತು. ದೇಹ ಸಿಗಲೇ ಇಲ್ಲ. ಪುಸ್ತಕಗಳು ಮಾತ್ರ ದೋಣಿಯೊಳಗಿದ್ದವು. ಸುಳ್ಳನ್ನು ಬಯಲುಮಾಡಬಲ್ಲ ಆ ಪುಟಗಳನ್ನು ಕಡಲಿಗೆ ಎಸೆಯಲು ಕ್ಷಣ ಸಾಕಾಗಿತ್ತು, ಅವನು ಎಸೆದಿರಲಿಲ್ಲ. ನಿಜದ ಲೆಕ್ಕ ಲೋಕಕ್ಕೆ ತಿಳಿದದ್ದು ಅವನ ಕೈಬರಹದಿಂದಲೇ.

ಸ್ಪರ್ಧೆಯನ್ನು ಮುಗಿಸಿದ ಒಬ್ಬನೇ ಒಬ್ಬ ನಾಕ್ಸ್-ಜಾನ್‌ಸ್ಟನ್. ತನಗೆ ಬಂದ 5,000 ಪೌಂಡುಗಳನ್ನು ಅವನು ಕ್ರೋಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟನು. ದೋಣಿಯು ಕೈಯಿಂದ ಕೈಗೆ ಮಾರಾಟವಾಗಿ ಕೆರಿಬಿಯನ್ ಕಡಲಿನ ಕೇಮನ್ ಬ್ರ್ಯಾಕ್ ದ್ವೀಪದ ದಂಡೆಯನ್ನು ಸೇರಿ, ಅಲ್ಲಿಯೇ ಬಿಸಿಲಿಗೂ ಬಿರುಗಾಳಿಗೂ ಸಿಕ್ಕು ಶಿಥಿಲವಾಯಿತು.