ಗಣಿತಜ್ಞ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರು

ಕವಿ ಎ. ಕೆ. ರಾಮಾನುಜನ್ನರ ಹೆಸರನ್ನು ಕನ್ನಡಿಗರು ಬಲ್ಲರು. ಅವರ ತಂದೆ ಕೃಷ್ಣಸ್ವಾಮಿ ಅಯ್ಯಂಗಾರ್ಯರು ಎಂಟು ಶತಮಾನಗಳ ಹಳೆಯ ಸಂದೇಹವೊಂದನ್ನು ಪರಿಹರಿಸಿದ ಗಣಿತಜ್ಞರೆಂಬುದು ಅಷ್ಟಾಗಿ ತಿಳಿದಿಲ್ಲ. 1892ರಲ್ಲಿ ಜನಿಸಿದ ಶ್ರೀಯುತರು ಹದಿನೆಂಟರ ಪ್ರಾಯದಲ್ಲಿಯೇ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಿಂದ ಎಂ. ಎ. ಪದವಿ ಗಳಿಸಿ, ಅಲ್ಲಿಯೇ ಅಧ್ಯಾಪಕರಾದರು; 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ಸೇರಿದರು.

ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1ನ್ನು ಕೂಡಿದಾಗ ಮತ್ತೊಂದು ವರ್ಗಸಂಖ್ಯೆ ದೊರೆಯಬೇಕು. ಆ ಎರಡರ ಮೂಲಗಳಾವುವು? 1657ರಲ್ಲಿ ಫ್ರಾನ್ಸಿನ ಫರ್ಮಾ ಇದನ್ನು ಸವಾಲಾಗಿ ಒಡ್ಡಿದನು. ಭಾಸ್ಕರಾಚಾರ್ಯರಾದರೋ 1150ರಲ್ಲಿಯೇ ಚಕ್ರವಾಲವೆಂಬ ವಿಧಿಯಿಂದ ಉತ್ತರವನ್ನು ಕಂಡಿದ್ದರು: 22,61,53,980 ಮತ್ತು 1,76,63,19,049. ದೇರೆಬೈಲಿನ ನಮ್ಮ ವಿದ್ಯಾರ್ಥಿಗಳೂ ಇದರ ಮೊದಲ ಹೆಜ್ಜೆಗಳನ್ನು ಮಾಡಿ ನೋಡಬಹುದು. 8ರ ವರ್ಗದಿಂದ 61ನ್ನು ಕಳೆದರೆ ಶೇಷ 3. ಅದರಿಂದ ವಿಧಿಯು 39 ಮತ್ತು 5ಕ್ಕೆ ಒಯ್ಯುತ್ತದೆ: 1521ರಿಂದ 1525ನ್ನು ಕಳೆದರೆ ಶೇಷ ಋಣ 4. ಹೀಗೆ ಶೇಷವು 1 ಆಗುವವರೆಗೆ ಚಕ್ರವು ಸುತ್ತಬೇಕು.

ಆದರೆ ಅದು 1 ಆಗಿಯೇ ತೀರುವುದೆಂದು ಹೇಳುವವರಾರು? ದೊರೆತ ಉತ್ತರವನ್ನು ತಾಳೆನೋಡುವುದು ಸುಲಭ, ಹುಡುಕುವುದು ಕಷ್ಟ. ಹುಡುಕುವ ವಿಧಿಯು ಎಂದಿಗೂ ಸೋಲದೆಂದು ಸಾಧಿಸುವುದು ಬೇರೆಯೇ ಬಗೆಯ ಕಷ್ಟ. ಇಂದಿನ ಗಣಕವಿಜ್ಞಾನವು ಆಲ್ಗಾರಿದಮ್ ಎಂದು ಕರೆಯುವ ಪ್ರತಿಯೊಂದು ವಿಧಿಯನ್ನೂ ಈ ಪ್ರಶ್ನೆ ಕಾಡುತ್ತದೆ. ಭಾಸ್ಕರರ ಗ್ರಂಥದಲ್ಲಿ ವಿಧಿಯುಂಟು, ಅದರ ಉಪಪತ್ತಿಯಿಲ್ಲ. ಪೂರ್ವಿಕರ ಮೇಲಣ ಅಭಿಮಾನದಿಂದ ಅಯ್ಯಂಗಾರ್ಯರು ಈ ಕೊರತೆಯನ್ನು ಮುಚ್ಚಿಡಲಿಲ್ಲ, ತಾವೇ ತುಂಬಿಕೊಟ್ಟರು. ಅವರ ಮೆಚ್ಚತಕ್ಕ ಗುಣವಿದೆಂದು ನನ್ನ ಭಾವನೆ.

1929-30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಆ ಲೇಖನವು ಪ್ರಕಟವಾಯಿತು. ಶೇಷಗಳು ಒಂದು ಮಿತಿಯನ್ನು ಮೀರಲಾರವು. ಮಿತಿಯೊಳಗಿನ ಪೂರ್ಣಾಂಕಗಳು ಕೆಲವೇ ಆದುದರಿಂದ ಅವು ಮರಳಿ ಬರಲೇಬೇಕು. ಇಷ್ಟರಿಂದ ಚಕ್ರವು ಸಿದ್ಧವಾಯಿತೇ ಹೊರತು, ಆ ಚಕ್ರದಲ್ಲಿ 1 ಇದ್ದೇ ಇರುವುದೆಂಬುದು ಸಿದ್ಧವಾಗಲಿಲ್ಲ. ಕಠಿಣವಾದ ಆ ಭಾಗವನ್ನೂ ಅವರು ಸಾಧಿಸಿದರು. ಯೂರೋಪಿನ ಲಗ್ರಾಂಜನು ಹದಿನೆಂಟನೆಯ ಶತಮಾನದಲ್ಲಿ ಅನುಸರಿಸಿದ ಮಾರ್ಗಕ್ಕೂ ಚಕ್ರವಾಲಕ್ಕೂ ಇರುವ ಭೇದವನ್ನು ತೋರಿಸಿ, 1940-41ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಆ ವಿಚಾರವನ್ನು ಮತ್ತಷ್ಟು ವಿಸ್ತರಿಸಿದರು.

ಗಣಿತದೊಡನೆ ಜ್ಯೋತಿಷ್ಯದಲ್ಲಿಯೂ ಅವರು ಪರಿಣತರಾಗಿದ್ದರು. ಇವೆರಡೂ ಒಬ್ಬರಲ್ಲಿ ಹೇಗೆ ನೆಲೆಸಿದವೆಂದು ಸೋಜಿಗಪಟ್ಟ ಮಗನು ಮುಂದೆ ಅದನ್ನೇ ಒಂದು ಪ್ರಬಂಧಕ್ಕೆ ವಸ್ತುವಾಗಿಸಿದುದುಂಟು. 1947ರಲ್ಲಿ ನಿವೃತ್ತರಾದ ಅಯ್ಯಂಗಾರ್ಯರು 1953ರ ಜೂನ್ ತಿಂಗಳಲ್ಲಿ ದಿವಂಗತರಾದರು.